ವಿಳಾಸ: ನೀರು ಇಳಿದ ಕಡೆ

ಮೂವತ್ತೊಂದು ಕಾಲಂ. ಕೆಂಪು ಚುಕ್ಕೆ ಇದ್ದದ್ದನ್ನು ಬಿಡುವಂತಿಲ್ಲ,
ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ.
ಕೊಪ್ಪಳದ ಈ ಕಚೇರಿಯಲ್ಲಿ ನಾನು ಗುತ್ತಿಗೆಯವಳು,
ಮಕ್ಕಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ.

ಗಿಣಿಗೇರಿ ಸ್ಟೇಷನ್ನಿನಲ್ಲಿ ಸಿಕ್ಕವಳು.
ಹೆಸರು? ತುಕ್ಕವ್ವ.
ವಯಸ್ಸು? ಹಲ್ಲು ನೋಡಿ ಹತ್ತು ಅಂದರು ಡಾಕ್ಟರು.
ಜಾತಿ? ಬಲೆ ಬೀಸುವ ಹಾಗೆ ಕೈ ಮಾಡಿದಳು.
ಪಟ್ಟಿ ಇಂಗ್ಲಿಷಿನದು,
ಶಿಳ್ಳೇಕ್ಯಾತಕ್ಕೆ ಯಾವ ಅಕ್ಷರ ಒತ್ತಬೇಕೋ ತಿಳಿಯದೆ
'ಅದರ್ಸ್' ಒತ್ತಿದೆ.
ಮನಿ ಎಲ್ಲೈತವ್ವಾ?
'ನೀರು ಇಳಿದ ಕಡೆ.'

ಡ್ಯಾಮಿನ ಹಿನ್ನೀರು ಸರಿದಂತೆ ಸರಿಯುವ ಗುಡಿಸಲು,
ಶ್ರಾವಣಕ್ಕೆ ದಿಬ್ಬದ ಮೇಲೆ, ಮಾಘಕ್ಕೆ ಕೆಸರಿನ ಅಂಚಿಗೆ,
ಮಳೆ ಬಂದರೆ ಬೋರಲು ಹಾಕಿದ ಹರಿಗೋಲೇ ಮಾಡು.
ಇದಕ್ಕೆ ಯಾವ ಪಿನ್ ಕೋಡ್?
ನಮ್ಮ ಕಚೇರಿಯದನ್ನೇ ಬರೆದೆ.
ಹಿಂದೆ ಬಂದವರಿಗೂ ಅದನ್ನೇ ಬರೆದಿದ್ದೆ.
ಲೆಕ್ಕದಲ್ಲಿ ಈಗ ಹದಿನಾಲ್ಕು ಮಕ್ಕಳ ಹುಟ್ಟೂರು
ಈ ಟೇಬಲ್ಲು, ಕಿರುಗುಟ್ಟುವ ಈ ಫ್ಯಾನು, ಈ ಕಬ್ಬಿಣದ ಬೀರು.

ಏಳುವಾಗ ಅವಳು 'ತಮ್ಮ' ಅಂದಳು.
ತಮ್ಮನಿಗೆ ಕಾಲಂ ಇರಲಿಲ್ಲ.
ಸುಳ್ಳೇಕೆ, ಷರಾ ಅಂತ ಒಂದಿತ್ತು.
ಅದಕ್ಕೆ ಚುಕ್ಕೆ ಇರಲಿಲ್ಲ. ಐದೂವರೆ ಆಗಿತ್ತು.
ಭಾಗ್ಯನಗರದ ಟಂಟಂ ಹೊರಟು ನಿಂತಿತ್ತು.

ಮಾರ್ಚಿನಲ್ಲಿ ಬಳ್ಳಾರಿಯ ಪಟ್ಟಿ ಬಂತು, ತಾಳೆ ನೋಡಲು.
ನಾನೂರ ಆರನೇ ಸಾಲು: ದ್ಯಾವಪ್ಪ, ಗಂಡು, ಏಳು ವರ್ಷ.
ತಾಯಿ ಅಲ್ಲಿ ದುರಗವ್ವ, ನನ್ನಲ್ಲಿ ದುರ್ಗಮ್ಮ,
ಯಂತ್ರದ ಪಾಲಿಗೆ ಬೇರೆ ಬೇರೆ ಹೆಂಗಸರು.
ಅಲ್ಲಿ ಕೂತವನು ಯಾರೋ, ಹೆಸರೂ ಗೊತ್ತಿಲ್ಲ,
ಷರಾದಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಇಟ್ಟಿದ್ದ:
'ಮನಿ ನೀರು ಇಳಿದ ಕಡೆ ಅಂತಾನ.'

ಫೋನು ಹಚ್ಚಿದೆ. ಸಾಹೇಬರನ್ನು ಕೇಳಲಿಲ್ಲ.
ಆ ಕಡೆ ಬಾಲಮಂದಿರದ ತಟ್ಟೆಗಳ ಸದ್ದು,
ಯಾರೋ ಗದರಿಸಿದ್ದು,
ಆಮೇಲೆ ಬರೀ ಉಸಿರು.
ತುಕ್ಕವ್ವ ಅಳುತ್ತಾಳೆ ಅಂದುಕೊಂಡಿದ್ದೆ.
ಬೈದಳು. ನನಗೆ ಬಾರದ ಅವರ ಮಾತಿನಲ್ಲಿ
ಬಹಳ ಹೊತ್ತು ಬೈದಳು.
ನಡುವೆ ತಿಳಿದದ್ದು ಒಂದೇ ಶಬ್ದ, ಪಾಣಿ.
ಅವನು ಏನೋ ಕೇಳಿದ.
ಅವಳು ನನ್ನ ಮುಖ ನೋಡಿದಳು.

ಹದಿನಾಲ್ಕನ್ನೂ ಮತ್ತೆ ತೆರೆದು ಕೂತಿದ್ದೇನೆ.
ತಿದ್ದುಪಡಿಗೆ ಕಾರಣ? ಕೇಳುತ್ತಿದೆ.
ಇದಕ್ಕೆ ಚುಕ್ಕೆ ಇದೆ.