ಏಳನೇ ಕೊಳ

ರಾತ್ರಿ ಎರಡೂ ಮುಕ್ಕಾಲು. ಗ್ವಾಯಸ್ ನದಿ ಕಡಲಿಗೆ ಬಾಯಿ ತೆರೆವಲ್ಲಿ
ಮಳೆ ನಿಂತು ತಾಸಾಯಿತು, ನೀರಿನ್ನೂ ನಿಂತಿಲ್ಲ.
ಎಲಿಯೋದೊರೊ ಏರಿಯ ಮೇಲೆ ಜಾರುತ್ತ ಬರುತ್ತಾನೆ,
ಬಲೆಯಲ್ಲಿ ಹತ್ತು ಸೀಗಡಿ.
"ಜಿಗಿಯುತ್ತಿಲ್ಲ ನೆರೇಯ್ದಾ, ನೋಡು,
ಬಿಟ್ಟಿ ಕೂಲಿಗೆ ಬಂದವರ ಹಾಗೆ ಬಿದ್ದುಕೊಂಡಿವೆ."

ನನ್ನ ಬಳಿ ಒಂದು ಉಪ್ಪಿನ ದುರ್ಬೀನಿದೆ.
ಗಾಜಿನ ಮೇಲೊಂದು ಹನಿ, ದೀಪಕ್ಕೆ ಹಿಡಿದ ಒಂದು ಕಣ್ಣು:
ಮೇಲೆ ನೀಲಿ, ಕೆಳಗೆ ಬಿಳಿ, ನಡುವಿನ ಗೆರೆಯೇ ಲೆಕ್ಕ.
ಕೊಳದ ನೀರು ಹೋದ ವಾರ ಇಪ್ಪತ್ತೆರಡು. ಈಗ ಒಂಬತ್ತು.
ಉಪ್ಪಿನ ಋಣ ಜನ್ಮವಿಡೀ ಅಂತಾರೆ,
ಈ ಮಳೆ ಅದನ್ನು ಏಳೇ ದಿನದಲ್ಲಿ ತೀರಿಸಿಬಿಟ್ಟಿತು.

ಈಗ ಸೂಜಿ.
ಈಜುಕಾಲಿನ ಬುಡದಲ್ಲಿ, ಚಿಪ್ಪು ತೆಳುವಾಗುವಲ್ಲಿ.
ಚಟ್ಟನೆ ಹೆಪ್ಪುಗಟ್ಟುವ ಜಾತಿಯ ರಕ್ತ ಇದು,
ತಡಮಾಡಿದರೆ ಸೂಜಿಯೊಳಗೇ ಮುದ್ದೆ.
ಇವತ್ತು ನಾನು ತಡಮಾಡಿದೆ. ಹೆಪ್ಪಾಗಲಿಲ್ಲ.
ಅದೇ ಹೆದರಿಕೆ.

ನಮ್ಮದರಲ್ಲಿ ಕಬ್ಬಿಣ, ಇವುಗಳದರಲ್ಲಿ ತಾಮ್ರ.
ಉಸಿರು ತುಂಬಿದರೆ ತೆಳು ನೀಲಿ,
ಒಗೆದ ಬಿಳಿ ಅಂಗಿಗೆ ಅಮ್ಮ ಅದ್ದುತ್ತಿದ್ದ ನೀಲಿಯಷ್ಟೇ.
ಉಸಿರು ಹೋದರೆ ಬರೀ ನೀರು.
ಆ ತಾಮ್ರದ ಪ್ರೋಟೀನೇ ಗಾಳಿ ಹೊರುವ ಹಮಾಲಿ,
ಹಸಿದಾಗ ಅದೇ ಬುತ್ತಿ,
ರೋಗ ನುಗ್ಗಿದರೆ ತಾನೇ ಚೂರಾಗಿ ಕವಣೆಕಲ್ಲು.
ಮೂರು ಕೆಲಸಕ್ಕೆ ಒಂದೇ ಆಳು.
ಉಪ್ಪಿಳಿದ ವಾರ, ಒಳನುಗ್ಗುವ ಸಿಹಿನೀರನ್ನು
ಹೊರಗೆ ದಬ್ಬಿ ದಬ್ಬಿ ಸುಸ್ತಾಗಿ
ಆ ಆಳನ್ನೇ ಒಲೆಗೆ ತಳ್ಳುತ್ತವೆ.

ದುರ್ಬೀನು ತೊಳೆದು ರಕ್ತ ಇಡುತ್ತೇನೆ.
ಬೇರೆ ಮಾನ, ಅದೇ ಗೆರೆ.
ಇರಬೇಕಾದ್ದರ ಅರ್ಧ.
ಸೂಕ್ಷ್ಮದರ್ಶಕದ ಚೌಕಗಳಲ್ಲಿ ಕಾವಲುಕೋಶ ಎಣಿಸುತ್ತೇನೆ,
ಬೇಗ ಮುಗಿದುಹೋಗುತ್ತದೆ ಎಣಿಕೆ.

ನನ್ನ ತೋಳಿನ ಮೇಲೆ ಲಸಿಕೆಯ ಗುರುತಿದೆ,
ಒಮ್ಮೆ ಕಂಡ ಶತ್ರುವನ್ನು ನನ್ನ ರಕ್ತ ಮರೆಯುವುದಿಲ್ಲವಂತೆ.
ಇವುಗಳಿಗೆ ಅಂಥ ನೆನಪಿಲ್ಲ,
ಪ್ರತಿ ರೋಗವೂ ಮೊದಲ ರೋಗ.

ಇಂಜಿನಿಯರಿಗೆ ಫೋನು ಮಾಡಿದೆ. ನಿದ್ದೆಗಣ್ಣಿನ ದನಿ:
"ಇನ್ನು ಹನ್ನೆರಡು ದಿನ. ನಾಲ್ಕು ಗ್ರಾಂ ಕೂಡಲಿ. ಗಾಳಿಚಕ್ರ ಓಡಿಸು."
ಡೀಸೆಲ್?
"ನಾಳೆ ದೋಣಿಗೆ."

ಅಪ್ಪ ಇಲ್ಲೇ, ಕಾಂಡ್ಲಾ ಬೇರುಗಳ ನಡುವೆ
ಭುಜದವರೆಗೆ ಕೈಯಿಳಿಸಿ ಏಡಿ ಹಿಡಿಯುತ್ತಿದ್ದ.
ಆಮೇಲೆ ದಿನಗೂಲಿಗೆ ಆ ಕಾಂಡ್ಲಾ ಕಡಿದವನೂ ಅವನೇ.
ತಳದಲ್ಲಿ ಮೊಂಡುಗಳಿನ್ನೂ ಇವೆ, ಬಲೆ ಹರಿಯುತ್ತವೆ.
ಕಡಲು ಬಿಸಿಯಾಗುವ ವರ್ಷಕ್ಕೆ ನಮ್ಮವರು ಇಟ್ಟ ಹೆಸರು 'ಹುಡುಗ'.
ಹಿಂದಿನ ಸಲ ಆ ಹುಡುಗ ಬಂದಾಗ
ಪಕ್ಕದ ಹನ್ನೊಂದು ಕೊಳ ಬಿಳುಚಿ ಸತ್ತಿದ್ದು
ನಮಗೆಲ್ಲ ನೆನಪಿದೆ. ಚೆನ್ನಾಗಿಯೇ ನೆನಪಿದೆ.

ಉಬ್ಬರ ನಾಲ್ಕೂ ಹತ್ತಕ್ಕೆ.
ಉಪ್ಪುನೀರು ಭಾರ, ತಳ ಹಿಡಿದು ಬರುತ್ತದೆ,
ಮೇಲಿನ ಸಿಹಿಯ ಕೆಳಗೆ, ಸದ್ದಿಲ್ಲದೆ.
"ಎಲಿಯೋದೊರೊ, ತೂಬಿನ ಕೆಳಹಲಗೆ ಎತ್ತು."
"ಯಾರ ಅಪ್ಪಣೆ?"
ಹಲಗೆಯ ಇನ್ನೊಂದು ತುದಿಗೆ ನಾನೇ ಕೈ ಹಾಕುತ್ತೇನೆ.

ಗಾಜಿನ ಮೇಲೆ ಮತ್ತೆ ಹನಿ.
ಒಂಬತ್ತು.
ಒಂಬತ್ತು.
ಒಂಬತ್ತೂವರೆ ಇರಬಹುದು,
ಇಲ್ಲಾ ನನ್ನ ಕಣ್ಣು ದಣಿದಿದೆ.