ಆರಂಕಿ

ಮನೆ ನಂಬರಿನ ಸ್ಟಿಕ್ಕರು
ಉಪ್ಪುಗಾಳಿಗೆ ಆಗಲೇ ಕಿವಿ ಮಡಚಿದೆ.
ಟ್ಯಾಬಿನ ನಕ್ಷೆಯಲ್ಲಿ ಹಾರವಾಡದ ಈ ಮನೆ
ನೀರೊಳಗೆ ನಿಂತಿದೆ, ದಡದಿಂದ ಹದಿನಾಲ್ಕು ಮೀಟರು ಆಚೆ.
"ಮಳೆಗಾಲಕ್ಕೆ ಅದೇ ಸರಿ" ಅಂದಳು ಶೇವಂತಿ.

ಕಸುಬು? ಪಟ್ಟಿಯಲ್ಲಿ ಒಣಮೀನಿಗೆ ಜಾಗವಿಲ್ಲ.
'ಇತರೆ' ಒತ್ತಿದೆ. ಅವಳ ಕೈ ಮಾತ್ರ
ಶೆಟ್ಲಿ ಹರವುವುದನ್ನು ನಿಲ್ಲಿಸಲಿಲ್ಲ.

ಯಜಮಾನರ ಮೊಬೈಲು ನಂಬರು ಬಾಯಿಪಾಠ,
ಮಗ್ಗಿ ಒಪ್ಪಿಸುವ ನನ್ನ ಮೂರನೇ ಕ್ಲಾಸಿನವರಿಗಿಂತ ಚೊಕ್ಕ.
ಒಟಿಪಿ ಕಳಿಸಿದೆ. ಆರಂಕಿ. ಹತ್ತು ನಿಮಿಷ.
ಪುಂಡಲೀಕ ತಾಂಡೇಲ ಟವರಿಗೆ ಸಿಗದ ಕಡೆ
ಬಲೆ ಬಿಟ್ಟು ಆರು ದಿನ.
ಹತ್ತು ನಿಮಿಷ ನಾವಿಬ್ಬರೂ ಕಾಗೆ ಓಡಿಸಿದೆವು.

ಅವಧಿ ಮುಗಿದಿದೆ, ಎಂದಿತು ಟ್ಯಾಬು.

ಮರುದಿನ ಶಾಲೆ ಬಿಡುವ ಹೊತ್ತಿಗೆ
ಗೇಟಿನಲ್ಲಿ ಅವಳೇ, ಬುಟ್ಟಿ ಸಮೇತ.
"ಅಕ್ಕೋರೆ, ಇನ್ನೊಂದ್ಸಲ ಕಳ್ಸಿ.
ನಾ ಮಾಡಿದ್ರೆ ಫೋನು ಹತ್ತೂದಿಲ್ಲ.
ನಿಮ್ದು ಸರ್ಕಾರದ್ದಲ್ವ,
ಸ್ವಲ್ಪ ದೂರ ಹೋಗ್ತದೇನೋ."

ಒತ್ತಿದೆ.
ಮಕ್ಕಳೆಲ್ಲ ಹೋದ ಮೇಲೂ
ಧ್ವಜದ ಕಟ್ಟೆಯ ಮೇಲೆ ಕೂತಿದ್ದೆವು,
ಇವತ್ತಿನ ಹತ್ತು ನಿಮಿಷಕ್ಕೆ.