ಸೀಸದ ಹಸು

ಕೂಡಿಗೆಯಲ್ಲಿ ದಿನಾ ಬೆಳಿಗ್ಗೆ ಆರಕ್ಕೆ
ನಾನು ಸೀಸದ ಹಸುವಿನ ಹಾಲು ಕರೆಯುತ್ತೇನೆ.
ನಮ್ಮ ಕಸುಬಿನವರು ಹಾಗೇ ಅನ್ನುವುದು.
ಭಾನುವಾರ ರಾತ್ರಿ ಮೈಸೂರಿಂದ ಜೀಪಿನಲ್ಲಿ ಬರುವ ಬಕೆಟ್ಟಿನಷ್ಟು ಡಬ್ಬಿ,
ಒಳಗೆ ಸವೆಯುತ್ತಿರುವ ಮಾಲಿಬ್ಡಿನಮ್,
ಉಪ್ಪುನೀರು ಹಾಯಿಸಿದರೆ ಇಳಿಯುವುದು ಟೆಕ್ನೀಷಿಯಮ್.
ಸೋಮವಾರ ಧಾರಾಳ. ಶುಕ್ರವಾರದ ಹೊತ್ತಿಗೆ ಕೆಚ್ಚಲು ಬತ್ತಿ
ಡಾಕ್ಟರ್ ದೇಚಕ್ಕ ಗೊಣಗುತ್ತಾರೆ.
ಬಣ್ಣವಿಲ್ಲ, ವಾಸನೆಯಿಲ್ಲ. ಆರು ಗಂಟೆಗೆ ಅರ್ಧ,
ಇನ್ನಾರಕ್ಕೆ ಅರ್ಧದ ಅರ್ಧ.
ರಸ್ತೆಯಾಚೆ ಡೈರಿಯಲ್ಲಿ ನಿಜದ ಹಸುಗಳು ಕೂಗುತ್ತವೆ.
ನನ್ನದರ ಪರವಾಗಿ ಕೌಂಟರ್ ಕೂಗುತ್ತದೆ.

ಇವತ್ತು ಹದಿನೇಳನೇ ನಂಬರಿನ ಹಂದಿ.
ಹಲಸಿನ ತೊಳೆ ತೋರಿಸುತ್ತ ತೋರಿಸುತ್ತ ಕರೆತಂದ ಬೊಳ್ಳ,
ಕೊಡಲಿಲ್ಲ; ಮತ್ತಿಗೆ ಮೊದಲು ಹೊಟ್ಟೆ ಖಾಲಿಯಿರಬೇಕು.
"ಸಾಲ ಇಟ್ಕೋ," ಅಂದ ಅದಕ್ಕೆ.
ಹಿಂಗಾಲಿನ ಗೊರಸಿನ ಮೇಲೆ, ಚರ್ಮದಡಿ,
ಹುರುಳಿಕಾಳಿನಷ್ಟು ಗುಳ್ಳೆ ಎದ್ದಿತು.
ಸೂಜಿ ತೆಗೆದೆ. ಇನ್ನು ಕಾಯುವುದು.

ರಕ್ತಕ್ಕಾದರೆ ಗುಂಡಿಗೆಯಿದೆ, ಹಿಂದೆ ನಿಂತು ತಳ್ಳುವ ಯಜಮಾನ.
ಇದಕ್ಕೆ ಯಾರೂ ಇಲ್ಲ.
ದುಗ್ಧರಸ ಅಂತ ಪುಸ್ತಕದ ಹೆಸರು; ನೋಡಿದರೆ
ಗಂಜಿಯ ಮೇಲಿನ ತಿಳಿ.
ಕಾಲು ಆಡಿದರೆ ಹರಿಯುತ್ತದೆ, ಉಸಿರೆಳೆದರೆ ಹರಿಯುತ್ತದೆ,
ಮೈ ಮಲಗಿದರೆ ಅದೂ ಮಲಗುತ್ತದೆ.
"ನೀವು ಬೊಳ್ಳ," ಎಂದೆ. ಕೈಗವಸು ತೊಟ್ಟು
ಎಳೆಕೂಸಿಗೆ ಎಣ್ಣೆ ಹಚ್ಚುವಂತೆ
ಕೆಳಗಿಂದ ಮೇಲಕ್ಕೆ, ಕೆಳಗಿಂದ ಮೇಲಕ್ಕೆ.

ಪರದೆಯಲ್ಲಿ ಮೊದಲು ಒಂದೇ ಚುಕ್ಕಿ.
ನಾಲ್ಕನೇ ನಿಮಿಷ ಅದಕ್ಕೊಂದು ಬಾಲ.
ಏಳರಲ್ಲಿ ಗೆರೆ, ನಡುವೆ ತುಸು ಡೊಂಕು,
ಮೊಣಕಾಲ ಹಿಂದೆ ನಿಂತು ಯೋಚಿಸಿ
ತೊಡೆಸಂದಿಗೆ ಏರಿತು. ಅಲ್ಲೊಂದು ಗಂಟು
ಬೆಳಗತೊಡಗಿತು.

"ಜೇನು ಹುಡುಕ್ದಂಗೆ," ಎಂದ ಬೊಳ್ಳ.
ಅವನಪ್ಪ ಹೊಳೆಯಂಚಿನ ಒದ್ದೆ ಮರಳಲ್ಲಿ
ನೀರು ಕುಡಿಯುವ ಹುಳದ ಬೆನ್ನಿಗೆ ಅಕ್ಕಿಹಿಟ್ಟು ಸವರುತ್ತಿದ್ದನಂತೆ.
ಬಿಳಿಚುಕ್ಕಿ ಹಾರಿದ ದಿಕ್ಕು ನೋಡಿ,
ಮರಳಿ ಬರುವ ತನಕ ಉಸಿರೆಣಿಸಿ
ಗೂಡು ಯಾವ ಮರ, ಎಷ್ಟು ದೂರ, ಹೇಳುತ್ತಿದ್ದನಂತೆ.
"ನಿಮ್ ಹಿಟ್ಟು ಕಣ್ಣಿಗೆ ಕಾಣಲ್ಲ, ಅಷ್ಟೇ."

ಅಷ್ಟೇ. ಹದಿನಾರು ವರ್ಷದ ನನ್ನ ವಿದ್ಯೆ.

ಹಂದಿಯ ಗಂಟು ಒಳಹೊರಗು, ದೇಚಕ್ಕ ಹೇಳುತ್ತಾರೆ:
ನಮ್ಮಲ್ಲಿ ಅಂಚಿಗೆ ಬಂದು ಸೇರುವುದು
ಅದರಲ್ಲಿ ನಡುವಿಗೇ ಬಂದು ಹೊರಕ್ಕೆ ಹರಡುತ್ತದೆ,
ಕತ್ತಲಲ್ಲಿ ತೊಟ್ಟ ಅಂಗಿಯ ಹಾಗೆ, ಹೊಲಿಗೆ ಮೇಲೆ.
ಆದರೂ ಮೊದಲ ಚೌಕಿ ಅಂತೊಂದು ಎಲ್ಲರಿಗೂ ಇದೆ.
ಹೆಣ್ಣಿನ ಮೊಲೆಯಿಂದ ಕಂಕುಳಿಗೆ ಹೋಗುವ ಹಾದಿಯಲ್ಲಿ
ಅದು ಯಾವುದೆಂದು ತಿಳಿದರೆ
ಮೊದಲು ಅದೊಂದನ್ನೇ ತೆಗೆದು ನೋಡಬಹುದು.
ನನ್ನ ಚಿಕ್ಕವ್ವನಿಗೆ ಹತ್ತೊಂಬತ್ತನ್ನೂ ತೆಗೆದಿದ್ದರು.
ಎಡಗೈ ಬಾತು, ಬಳೆಯನ್ನು ಗರಗಸದಲ್ಲಿ ಕೊಯ್ದರು.
ಒಂಬತ್ತು ವರ್ಷ ಆ ಕೈಯಲ್ಲೇ ಕಡಂಬುಟ್ಟು ಕಟ್ಟಿದಳು,
ಉಂಡೆ ಒಂದು ದೊಡ್ಡದು, ಒಂದು ಚಿಕ್ಕದು.

ಅವಳೇ ನನ್ನನ್ನು ಭಾಗಮಂಡಲಕ್ಕೆ ಕರೆದೊಯ್ದದ್ದು.
ಎರಡು ಹೊಳೆ ಕಾಣುತ್ತದೆ, ಮೂರನೆಯದು ಕಾಣದು, ಹೆಸರು ಸುಜ್ಯೋತಿ.
ಬೊಗಸೆ ತುಂಬಿ ನನ್ನ ಮೂಗಿನ ಕೆಳಗೆ ಹಿಡಿದು
"ಇದರಲ್ಲಿ ಅದರ ಪಾಲು ಎಷ್ಟು ಹೇಳು," ಎಂದಿದ್ದಳು.
ನಾನು ಕುಡಿದುಬಿಟ್ಟೆ.

ಮಧ್ಯಾಹ್ನ ಹದಿನೇಳಕ್ಕೆ ಎಚ್ಚರ. ಕುಡುಕನ ಹಾಗೆ ಓಲಾಡಿ ಎದ್ದು
ಗೋಡೆಗೆ ಒರಗಿತು. ಬಾಗಿಲಿಗೆ ಹಳದಿ ಫಲಕ,
ನೆಲಕ್ಕೆ ಹಳದಿ ಗೆರೆ, ಉಚ್ಚೆ ಬೇರೆ ಗುಂಡಿಗೆ.
ಮೂರು ದಿನ ಬೊಳ್ಳ ಗೆರೆಯಾಚೆ ನಿಂತೇ ಅದರೊಡನೆ ಮಾತಾಡಿದ.
ನಾಲ್ಕನೇ ಬೆಳಿಗ್ಗೆ ಕೌಂಟರ್ ಹಿಡಿದೆ:
ಗೋಡೆಗೆಷ್ಟೋ ಹಂದಿಗೂ ಅಷ್ಟೇ.
"ಬೆಳಕು ಎಲ್ಲಿಗೆ ಹೋಯ್ತು?"
"ಹೋಗಲಿಲ್ಲ. ಮುಗೀತು."
ಅವನು ಒಪ್ಪಲಿಲ್ಲ.

ಗೆರೆ ದಾಟಿ, ಹೊಸ ಹಣ್ಣು ಕೊಯ್ದು, ಸಾಲ ತೀರಿಸಿದ.
ಹದಿನೇಳು ಬೀಜ ಸಮೇತ ಅಗಿಯಿತು,
ಹಿಂಗಾಲನ್ನು ಕಂಬಕ್ಕೆ ಉಜ್ಜಿತು, ಮತ್ತೆ ಉಜ್ಜಿತು.
ನಾವಿಬ್ಬರೂ ಆ ಕಾಲನ್ನೇ ನೋಡುತ್ತ ನಿಂತಿದ್ದೆವು.